ಜೋಳಿಗೆಗೆ ಬಿದ್ದ ಸೀಸೆ

ಮಲಪ್ರಭೆಯ ದಂಡೆಯ ಆ ಮಠದಲ್ಲಿ ಚೆನ್ನವೀರನಷ್ಟು ಹಠಮಾರಿ ಶಿಷ್ಯ ಇನ್ನೊಬ್ಬನಿರಲಿಲ್ಲ. ಚಿಕ್ಕಂದಿನಿಂದಲೇ ಅವನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಂಡರೆ ಮಾತ್ರ ಬದುಕು.

ಹೀಗಿರುವಾಗ ಅವನಿಗೆ ವೈರಾಗ್ಯ ಬಂತು. ಹೊಸ ವೈರಾಗ್ಯ ಹೊಸ ಚಪ್ಪಲಿಯ ಹಾಗೆ, ಹಾಕಿಕೊಂಡವನನ್ನೇ ಕಚ್ಚುತ್ತದೆ. ಮನೆ ಬಿಟ್ಟೆ, ಬಂಧುಬಳಗ ಬಿಟ್ಟೆ, ಈ ಔಷಧದ ಸೀಸೆಗೆ ಮಾತ್ರ ಯಾಕೆ ಜೋತುಬೀಳಲಿ ಎಂದುಕೊಂಡ. ಮೂಲಗುರುವಿನ ಗದ್ದುಗೆ ಮುಟ್ಟಿ, ಇನ್ನು ಸೂಜಿ ಹಿಡಿಯುವುದಿಲ್ಲ ಎಂದು ಆಣೆ ಮಾಡಿಬಿಟ್ಟ. ಯಾರಿಗೂ ಹೇಳಲಿಲ್ಲ.

ಮರುದಿನ ಅವನು ಹೊಳೆಯ ಮೆಟ್ಟಿಲ ಮೇಲೆ ಕೂತು ಬೊಗಸೆ ಬೊಗಸೆ ನೀರು ಕುಡಿಯುವುದನ್ನು ಗುರುಗಳಾದ ಮುರುಗೇಂದ್ರಜ್ಜ ನೋಡಿದರು.

"ಏನಪಾ, ಹೊಳಿ ಬತ್ತಸ್ತಿಯೇನು?"

"ನೀರಡಿಕಿ ತಡೀವಲ್ದರಿ ಅಜ್ಜಾರ."

ಏಳಲು ಹೋದವನು ಹಾಗೇ ಕುಸಿದ. ಅಜ್ಜ ಹತ್ತಿರ ಬಂದರು. ಅವನ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಇನ್ಸುಲಿನ್ ತಪ್ಪಿದಾಗ ಬರುವ ವಾಸನೆ ಅದೆಂದು ಅವರಿಗೆ ಗೊತ್ತಿತ್ತು. ಅಡುಗೆಯವನನ್ನು ಕೂಗಿ ಡಾಕ್ಟರಿಗೆ ಫೋನು ಮಾಡಿಸಿದರು. ಗಾಡಿ ಕಳಿಸುತ್ತೇನೆ, ಅಷ್ಟರೊಳಗೆ ಇಷ್ಟು ಇನ್ಸುಲಿನ್ ಕೊಟ್ಟಿರಿ ಎಂದು ಡಾಕ್ಟರು ಹೇಳಿದರು.

ಚೆನ್ನವೀರ ತಲೆ ಅಲ್ಲಾಡಿಸಿದ. "ಸೂಜಿ ಬ್ಯಾಡ್ರಿ. ಗದ್ದಿಗಿ ಮುಟ್ಟಿ ಆಣಿ ಮಾಡೇನಿ."

"ಸಾಯ್ತಿಯಲ್ಲೋ ಹುಚ್ಚಾ!"

"ಸತ್ರ ಸಾಯ್ತೀನ್ರಿ. ಆಣಿ ಮುರಿಯಂಗಿಲ್ಲ."

ಅಜ್ಜ ವಾದ ಮಾಡಲಿಲ್ಲ. ಒಳಗೆ ಹೋಗಿ, ತಂಪಿಗೆಂದು ಒದ್ದೆ ಮಡಕೆಯಲ್ಲಿ ಇಟ್ಟಿದ್ದ ಇನ್ಸುಲಿನ್ ಸೀಸೆ ತೆಗೆದರು. ಗೂಟದಲ್ಲಿದ್ದ ಚೆನ್ನವೀರನ ಜೋಳಿಗೆಯನ್ನೂ ತಂದು ಅವನ ಕೊರಳಿಗೆ ಹಾಕಿದರು. ಸೀಸೆಯನ್ನೂ ಸಿರಿಂಜನ್ನೂ ಅದರೊಳಗೆ ಬಿಟ್ಟರು.

"ಭಿಕ್ಷಾ ಬಂತು, ತಗೋ."

ಚೆನ್ನವೀರ ಬೆಪ್ಪಾದ. ಆ ಮಠದ ಶಿಷ್ಯರು ದಿನಾ ಮನೆಮನೆಗೆ ಭಿಕ್ಷೆಗೆ ಹೋಗುವವರು. ಜೋಳಿಗೆಗೆ ಬಿದ್ದದ್ದು ಹಳಸಿದ ರೊಟ್ಟಿಯಾದರೂ ಒಲ್ಲೆ ಅನ್ನುವಂತಿಲ್ಲ. ಆ ನೇಮ ಹಾಕಿದವರು ಬೇರೆ ಯಾರೂ ಅಲ್ಲ, ಅವನು ಆಣೆಯಿಟ್ಟ ಗದ್ದುಗೆಯ ಮೂಲಗುರುವೇ.

"ಇದು ಮೋಸ ಅಜ್ಜಾರ. ಭಿಕ್ಷಾ ಅಂದಮ್ಯಾಲ ನೀಡಿದ ಮನಿ ಇರಬೇಕು. ಇದು ಯಾರ ಮನಿದು?"

"ಭಾಳ ದೂರದ್ದು, ಕೆನಡಾ ದೇಶದ್ದು. ನೂರು ವರ್ಷದ ಹಿಂದ ನಿನ್ನ ಬ್ಯಾನಿಗೆ ಉಪವಾಸ ಕೆಡವೂದ ಔಷಧ ಆಗಿತ್ತು. ಹುಡುಗ್ರು ಎಲುಬಿನ ಹಂದರ ಆಗಿ ಸಾಯ್ತಿದ್ವು. ಹೆಸರು ಮಾಡಿರದ ಒಬ್ಬ ಡಾಕ್ಟರ ಹಠಕ್ಕ ಬಿದ್ದ. ಕಾಲೇಜು ಕಲಿಯೂ ಒಬ್ಬನ್ನ ಜೋಡಿ ಮಾಡ್ಕೊಂಡು, ಬ್ಯಾಸಗಿ ಧಗಿಯೊಳಗ ನಾಯಿ ಹೊಟ್ಟ್ಯಾಗಿನ ಮೇದೋಜೀರಕ ಗ್ರಂಥಿ ಸತ್ವ ತಗೀಲಿಕ್ಕೆ ಕುಂತ. ಎಷ್ಟೋ ನಾಯಿ ಸತ್ತವು. ಅವುಗಳ ಋಣಾನೂ ಈ ಸೀಸೆದಾಗ ಐತಿ. ಕಡೀಕ ಸಾಯೂ ಹಾದಿ ಹಿಡಿದಿದ್ದ ಒಬ್ಬ ಹುಡುಗಗ ಚುಚ್ಚಿದರು."

"ಗುಣ ಬಿತ್ತೇನ್ರಿ?"

"ಎಲ್ಲೀದು! ಔಷಧದಾಗ ಹೊಲಸು ಉಳದಿತ್ತು. ಚುಚ್ಚಿದಲ್ಲೆ ಬಾತು ಕೀವಾತು."

"ಮತ್ತ ಬಿಟ್ಟರೇನು?"

"ಬಿಟ್ಟಿದ್ರ ನೀ ಎಲ್ಲಿರ್ತಿದ್ದಿ? ರಸಾಯನ ಬಲ್ಲವ ಇನ್ನೊಬ್ಬ ಕೈ ಹಚ್ಚಿದ. ಸೋಸಿದ, ಕೆಡಸಿದ, ಮತ್ತ ಸೋಸಿದ. ಅದನ್ನ ಅದ ಹುಡುಗಗ ಮತ್ತೊಮ್ಮೆ ಚುಚ್ಚಿದರು. ಸಕ್ಕರಿ ಇಳೀತು. ಮಾರಿ ಮ್ಯಾಲ ಕಳೆ ಬಂತು."

ಚೆನ್ನವೀರ ಜೋಳಿಗೆಯೊಳಗೆ ಇಣುಕಿದ. ಮೆಲ್ಲಗೆ ಕೇಳಿದ.

"ಒಮ್ಮೆ ಕೀವಾದಮ್ಯಾಲೂ ಆ ಹುಡುಗ ಮತ್ತ ಮೈ ಕೊಟ್ಟನೇನ್ರಿ?"

"ಕೊಟ್ಟ. ನಿಂದು ಸಾಯೂ ಹಠ. ಅವಂದು ಬದುಕೂ ಹಠ."

ಚೆನ್ನವೀರನಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಜೋಳಿಗೆಗೆ ಕೈ ಹಾಕಿದ. ಅಜ್ಜ ಅವನ ಮಣಿಕಟ್ಟಿಗೆ ಆಸರೆ ಕೊಟ್ಟರು. ಡಾಕ್ಟರು ಹೇಳಿದಷ್ಟನ್ನು ಎಳೆದು, ಅಂಗಿ ಎತ್ತಿ, ಹೊಟ್ಟೆಗೆ ತಾನೇ ಚುಚ್ಚಿಕೊಂಡ.

ದೂರದಲ್ಲಿ ಗಾಡಿಯ ಸದ್ದು ಕೇಳಿಸಿತು. ಅಜ್ಜ ಅವನ ರಟ್ಟೆಗೆ ಹೆಗಲು ಕೊಟ್ಟು ಎಬ್ಬಿಸಿದರು. ನಾಲ್ಕು ಹೆಜ್ಜೆ ನಡೆದು ಅವನು ಮತ್ತೆ ನಿಂತ. ಹಠಮಾರಿಯಲ್ಲವೇ, ಒಂದು ಮಾತು ಉಳಿದೇ ಇತ್ತು.

"ಇಷ್ಟು ಮಂದಿ ಜೀವಾ ತೇಯ್ದರೂ ಬ್ಯಾನಿ ಗುಣಾ ಆಗಲಿಲ್ಲಲ್ರಿ ಅಜ್ಜಾರ. ನೂರು ವರ್ಷಾತು. ನಾಳೆ ಮತ್ತ ಚುಚ್ಚಬೇಕು, ನಾಡಿದ್ದು ಮತ್ತ. ಇದೆಂಥಾ ಗೆಲುವು?"

ಅಜ್ಜ ದಾಸೋಹದ ಮನೆಯ ಕಡೆ ಕೈ ಮಾಡಿದರು. ಬಂದವರಿಗೆಲ್ಲ ಅನ್ನ ಬೇಯಿಸುವ ಒಲೆಯ ಹೊಗೆ ಮಾಡಿನ ಮೇಲೆ ಏಳುತ್ತಿತ್ತು.

"ಆ ಒಲಿ ಹಚ್ಚಿನೂ ನೂರು ವರ್ಷಾತು. ಹಸಿವು ಗುಣಾ ಆಗೇತೇನಪಾ?"