ಎಡಗೈಗೆ ಒಗ್ಗುವ ಚಾಕು

"ಗುರುಗಳೇ, ಹಾಸಿಗೆ ಹಿಡಿದವರನ್ನು ನೋಡಲು ಹೋಗುವಾಗ ಏನು ಒಯ್ಯಬೇಕು?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಅವನ ಅಣ್ಣ ಬಿದ್ದು ಸೊಂಟ ಮುರಿದುಕೊಂಡು ಆರು ತಿಂಗಳಾಗಿತ್ತು. ಮರುದಿನ ಮರುಳಯ್ಯ ಅವನನ್ನು ನೋಡಲು ಊರಿಗೆ ಹೊರಡುವವನಿದ್ದ. ಅಣ್ಣ ಎಷ್ಟು ಹೊತ್ತು ಕೂರಬಲ್ಲ, ಯಾವ ಎಣ್ಣೆ ಹಚ್ಚುತ್ತಿದ್ದಾರೆ, ವೈದ್ಯರು ಏನೆಂದರು ಎಂಬುದನ್ನೆಲ್ಲ ವಿವರವಾಗಿ ಹೇಳಿದ. "ಹಣ್ಣು ಒಯ್ಯಲೇ, ಕಂಬಳಿ ಒಯ್ಯಲೇ? ಬರಿಗೈಯಲ್ಲಿ ಹೋಗಲು ಮನಸ್ಸು ಬರುತ್ತಿಲ್ಲ" ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಕಸಿಗಾರನಿದ್ದ. ಕಾಡುಮಾವಿನ ಸಸಿಯನ್ನು ಸೀಳಿ, ಅದರೊಳಗೆ ಒಳ್ಳೆಯ ತಳಿಯ ಕಡ್ಡಿ ಕೂರಿಸಿ, ಬಾಳೆನಾರಿನಿಂದ ಕಟ್ಟುವುದು ಅವನ ಕಸುಬು. ಅವನು ಕಟ್ಟಿದ ಕಸಿ ಸಾಯುವುದಿಲ್ಲ ಎಂದು ಸುತ್ತಲಿನವರು ಹೇಳುತ್ತಿದ್ದರು. ಅರವತ್ತು ದಾಟಿದ ಮೇಲೆ ಒಂದು ದಿನ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಬಲಗೈ ಹೋಯಿತು. ಎಡಗೈ ಇತ್ತು, ಆದರೆ ಅದೂ ಸ್ವಲ್ಪ ನಡುಗುತ್ತಿತ್ತು.

ಮನೆಯವರು ಅವನನ್ನು ಚೆನ್ನಾಗಿ ನೋಡಿಕೊಂಡರು. ಹಿರಿಯ ಮಗ ಮೆತ್ತನೆಯ ಹಾಸಿಗೆ ಮಾಡಿಸಿದ. ಕಿರಿಯ ಮಗ ಶಾಲು ತಂದ. ನೆಂಟರು ದ್ರಾಕ್ಷಿ ತಂದರು. ಕೈ ಕೊಯ್ದುಕೊಂಡಾನೆಂದು ಹೆದರಿ ಅವನ ಹಳೆಯ ಕಸಿಚಾಕುಗಳನ್ನೆಲ್ಲ ಬೇರೆ ಕಸಿಗಾರರಿಗೆ ಕೊಟ್ಟುಬಿಟ್ಟರು. ಮುದುಕ ಯಾವುದಕ್ಕೂ ಬೇಡವೆನ್ನಲಿಲ್ಲ. ದಿನ ಕಳೆದಂತೆ ಮಾತನ್ನೇ ಬಿಟ್ಟ. ಕೊನೆಗೆ ತುತ್ತನ್ನೂ ಅರ್ಧಕ್ಕೇ ಬಿಡತೊಡಗಿದ.

ಅವನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದವಳು ಕಿರಿಯ ಸೊಸೆ. ಒಂದು ದಿನ ಅವಳು ಗಮನಿಸಿದಳು. ಮುದುಕ ಕಿಟಕಿಯಾಚೆಯ ಸಸಿಗಳನ್ನು ನೋಡುತ್ತ ಕುಳಿತಿದ್ದ. ಅವನ ಎಡಗೈ ಹೆಬ್ಬೆರಳು ತೊಡೆಯ ಮೇಲೆ ಮೆಲ್ಲನೆ ಜಾರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಜಾರುತ್ತಿತ್ತು. ಸಸಿ ಸೀಳುವಾಗ ಹೆಬ್ಬೆರಳು ಹೋಗುವುದು ಹಾಗೆಯೇ. ಅವಳು ತಟ್ಟೆ ತೊಳೆದಿಟ್ಟು ಕಮ್ಮಾರನಲ್ಲಿಗೆ ಹೋದಳು.

ಕಮ್ಮಾರ ಹಿತ್ತಾಳೆ ಹಿಡಿಯ, ಹೂಬಳ್ಳಿ ಕೊರೆದ ಚಾಕೊಂದನ್ನು ಮೊದಲು ತೋರಿಸಿದ. ಉಡುಗೊರೆ ಕೊಡುವವರೆಲ್ಲ ಅದನ್ನೇ ಕೇಳುತ್ತಾರೆ ಎಂದ. ಅವಳು ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡಳು. ಎಡಗೈ ಒಂದರಲ್ಲೇ ಅದನ್ನು ಹಿಡಿದಳು. ಹಿತ್ತಾಳೆ ಬೆವರಿಗೆ ಜಾರಿತು. ಅದನ್ನು ಪಕ್ಕಕ್ಕಿಟ್ಟು ಮತ್ತೊಂದನ್ನು ತೆಗೆದಳು. ಹೀಗೆ ಅಂಗಡಿಯಲ್ಲಿದ್ದ ಅಷ್ಟನ್ನೂ ಹಿಡಿದು ನೋಡಿದಳು. ಕೊನೆಗೆ ಉಳಿದದ್ದು ಸಾದಾ ಮರದ ಹಿಡಿಯ ಮಡಚುವ ಚಾಕು. ಹಿಡಿ ಬೀಟೆಯದು, ಸ್ವಲ್ಪ ದಪ್ಪ. ಅಂಗೈಯಲ್ಲಿ ತಾನಾಗಿಯೇ ಕೂತಿತು. ಆದರೆ ಒಂದೇ ಕೈಯಲ್ಲಿ ಬಿಚ್ಚಲು ಬರಲಿಲ್ಲ.

"ಯಾರಿಗಮ್ಮ ಇದು?" ಎಂದು ಕಮ್ಮಾರ ಕೇಳಿದ.

"ನಮ್ಮ ಮಾವನವರಿಗೆ. ಅವರಿಗೆ ಇರುವುದು ಎಡಗೈ ಒಂದೇ."

"ಹಾಗಾದರೆ ಮಡಚುವುದು ಯಾಕೆ? ಬಿಚ್ಚುವ ಕಷ್ಟವೇ ಇಲ್ಲದ್ದು ಕೊಡುತ್ತೇನೆ."

"ಅಂಥದ್ದನ್ನು ಮನೆಯವರು ಎತ್ತಿ ಅಟ್ಟದ ಮೇಲೆ ಇಡುತ್ತಾರೆ. ಇದಾದರೆ ಅವರ ಜೇಬಿನಲ್ಲೇ ಇರುತ್ತದೆ, ಅಣ್ಣ."

ಕಮ್ಮಾರ ಚಾಕನ್ನು ತೆಗೆದುಕೊಂಡು ಅದರ ಮೊಳೆಯನ್ನು ತುಸು ಸಡಿಲಿಸಿದ. ಹೆಬ್ಬೆರಳ ಉಗುರು ಸಿಕ್ಕುವಂತೆ ಅಲಗಿನ ಬೆನ್ನಿಗೆ ಅರದಿಂದ ಒಂದು ಗೀಟು ಹಾಕಿದ. ಅವಳು ಮತ್ತೆ ಬಲಗೈ ಹಿಂದಿಟ್ಟು ಪ್ರಯತ್ನಿಸಿದಳು. ಹಿಡಿಯನ್ನು ಮೊಣಕಾಲಿಗೆ ಒತ್ತಿಕೊಂಡಾಗ ಅಲಗು ಬಿಚ್ಚಿಕೊಂಡಿತು.

ಮನೆಯಲ್ಲಿ ಹಿರಿಯ ಮಗ ಅದನ್ನು ನೋಡಿ ಸಿಟ್ಟಾದ. "ನಡುಗುವ ಕೈಗೆ ಚಾಕು ಕೊಡುತ್ತೀಯಲ್ಲಮ್ಮ, ಏನಾದರೂ ಆದರೆ ಯಾರು ಹೊಣೆ?" ಎಂದ. ಅವಳಿಗೂ ಭಯವಿತ್ತು. ಆದರೂ ಹೋಗಿ ಮಾವನ ಅಂಗೈಯಲ್ಲಿ ಅದನ್ನಿಟ್ಟಳು. ಮುದುಕ ಅಂದೆಲ್ಲ ಅದನ್ನು ಬಿಚ್ಚಲಿಲ್ಲ. ಹಿಡಿಯನ್ನು ಸವರುತ್ತ ಕುಳಿತಿದ್ದ.

ಮರುದಿನ ಬೆಳಿಗ್ಗೆ ಬಿಚ್ಚಿದ. ಬಿಚ್ಚಿದ ಕೂಡಲೇ ಹೆಬ್ಬೆರಳು ಕೊಯ್ದುಕೊಂಡ. ಹಿರಿಯ ಮಗ ಓಡಿಬಂದು ಚಾಕಿಗೆ ಕೈ ಚಾಚಿದ. ಮುದುಕ ಅದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಎಷ್ಟೋ ತಿಂಗಳ ಮೇಲೆ ಬಾಯಿ ತೆರೆದು, ತೊದಲುತ್ತ, "ನನ್ನ ಹೆಬ್ಬೆರಳಿಗೆ ಗಾಯವಿಲ್ಲದ ವರ್ಷ ಯಾವುದಿತ್ತೋ, ಮಗಾ?" ಎಂದ. ಮಗ ಕೈ ಹಿಂದಕ್ಕೆ ತೆಗೆದುಕೊಂಡ. ಸೊಸೆ ಬಟ್ಟೆ ತಂದು ಬೆರಳಿಗೆ ಸುತ್ತಿದಳು.

ಅಂದಿನಿಂದ ಅವಳು ಅವನೆದುರು ಕುಳಿತು ಸಸಿ ಹಿಡಿಯತೊಡಗಿದಳು. ಅವನು ಎಡಗೈಯಲ್ಲಿ ಸೀಳುತ್ತಿದ್ದ, ಅವಳು ಕಟ್ಟುತ್ತಿದ್ದಳು. ಜೀವಮಾನವೆಲ್ಲ ಬಲಗೈ ಕಲಿತದ್ದು ಎಡಗೈಗೆ ಬರುವುದು ಸುಲಭವಲ್ಲ. ಆ ಮಳೆಗಾಲದಲ್ಲಿ ನಲವತ್ತು ಸಸಿಗೆ ಕಸಿ ಕಟ್ಟಿದರು. ಮೂವತ್ತೇಳು ಒಣಗಿದವು. ಮೂರು ಚಿಗುರಿದವು. ಮುದುಕನಿಗೆ ಅದು ಸಾಲಲಿಲ್ಲ. "ನಾರನ್ನು ಕತ್ತು ಹಿಸುಕಿದ ಹಾಗೆ ಕಟ್ಟುತ್ತೀಯ, ಗಿಡ ಉಸಿರಾಡುವುದು ಬೇಡವೇ?" ಎಂದು ಸೊಸೆಯನ್ನು ಗದರಿದ. ಬಡಿಸಿದ್ದನ್ನೆಲ್ಲ ಉಂಡು, ಮತ್ತೆ ಗದರಿದ. ಅವಳು ತಲೆತಗ್ಗಿಸಿ ಕೇಳಿಸಿಕೊಂಡು, ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು.

ಅವನ ಬಲಗೈಗೆ ಕೊನೆಗೂ ಶಕ್ತಿ ಬರಲಿಲ್ಲ. ಆದರೆ ಮುಂದಿನ ಮಳೆಗಾಲದ ಹೊತ್ತಿಗೆ ಹಿರಿಯ ಮಗ ಎಲ್ಲಿಂದಲೋ ಒಂದು ನಯವಾದ ಸಾಣೆಕಲ್ಲು ತಂದು, ಏನೂ ಹೇಳದೆ ಅಪ್ಪನ ಪಕ್ಕದಲ್ಲಿಟ್ಟು ಹೋದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಏನು ಒಯ್ಯಲಿ?" ಎಂದು ಮರುಳಯ್ಯ ಮತ್ತೆ ಕೇಳಿದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಮರುಳಯ್ಯ, ಇಷ್ಟು ಹೊತ್ತು ನಿನ್ನ ಅಣ್ಣನ ಸೊಂಟದ ವಿಷಯ ಹೇಳಿದೆ, ಇನ್ನು ನಿನ್ನ ಅಣ್ಣನ ವಿಷಯ ಹೇಳು."