ತಾರಾಳ ಹೆಬ್ಬೆಟ್ಟು

ನಮ್ಮ ಕಾಲೇಜಿನ ಆಯಾ ಹೊನ್ನಮ್ಮನ ವಿಷಯ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ರುಚಿಸುವುದಿಲ್ಲ ನೋಡಿ. ಆ ವರ್ಷ ಪ್ರಿನ್ಸಿಪಾಲರು, ಬೆರಳಿನ ಗೆರೆ ನೋಡಿ ಬುದ್ಧಿ ಅಳೆಯುವ ಮಹಾಶಯರೊಬ್ಬರನ್ನು ಕರೆಸಿದ್ದರು. ಅವರು ಒಪ್ಪಿದವರಿಗೆ ಮಾತ್ರ ವಿಜ್ಞಾನದ ಸೀಟು. ಹೊನ್ನಮ್ಮನ ಮಗಳು ತಾರಾ ಬೆಳಿಗ್ಗೆ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿದ್ದೇ ತಡ, "ಆಯಾ ಮಗಳಲ್ಲವೇ? ಇವಳಿಗೆ ಹೊಲಿಗೆ ಸಾಕು" ಎಂದುಬಿಟ್ಟರು. ಹುಡುಗಿ ಅಳುತ್ತ ಹೊರಗೆ ಹೋದಳು.

ಹೊನ್ನಮ್ಮ ಜಗಳವಾಡಲಿಲ್ಲ. ಮಧ್ಯಾಹ್ನ ಕಾಫಿಯ ಜೊತೆ ಇನ್ನೊಂದು ಹಾಳೆ ತಂದಿಟ್ಟಳು. "ನಮ್ಮ ಕಾಲೇಜು ಕಮಿಟಿ ಅಧ್ಯಕ್ಷರ ಮೊಮ್ಮಗನ ಹೆಬ್ಬೆಟ್ಟು ಸಾರ್, ಸ್ವಲ್ಪ ನೋಡ್ಬೇಕಂತೆ."

ಮಹಾಶಯರು ಭೂತಗನ್ನಡಿ ಹಿಡಿದು ಕಣ್ಣರಳಿಸಿದರು. "ಆಹಾ, ಎಂಥ ಸುಳಿ. ಇದು ವಿಜ್ಞಾನಿಯ ಬೆರಳು."

"ಇದೂ ನಮ್ಮ ತಾರಾಂದೇ ಸಾರ್. ಈಗ ತಾನೇ ಒತ್ತಿಸ್ಕೊಂಡು ಬಂದೆ."

ಅಲ್ಲೇ ಕೂತಿದ್ದ ಪ್ರಿನ್ಸಿಪಾಲರು ಬೆಳಗಿನದೂ ಈಗಿನದೂ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ಸುಳಿ.

ಮಹಾಶಯರು ಬೆವರು ಒರೆಸಿಕೊಂಡರು. "ಬೆಳಗಿನ ಗೆರೆ ಮಧ್ಯಾಹ್ನಕ್ಕೆ ಬದಲಾಗುವುದುಂಟು."

"ಹಂಗಾದ್ರೆ ಪೊಲೀಸಿನವರಿಗೂ ಒಂದು ಮಾತು ತಿಳಿಸಿಬಿಡಿ ಸಾರ್. ಬೆರಳಚ್ಚು ನೋಡಿ ಹಿಡಿದ ಕಳ್ಳರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಮನೆಗೆ ಕಳಿಸ್ಲಿ."

ಪ್ರಿನ್ಸಿಪಾಲರು ನಕ್ಕ ರಭಸಕ್ಕೆ ಕಾಫಿ ಚೆಲ್ಲಿತು. ತಾರಾಳಿಗೆ ಅಂದೇ ಸೀಟು ಸಿಕ್ಕಿತು. ಮಹಾಶಯರ ಗುರುತು ಅಂತ ನಮ್ಮಲ್ಲಿ ಉಳಿದದ್ದು ಕಾಫಿ ಲೋಟದ ಮೇಲಿನ ಬೆರಳಚ್ಚು ಮಾತ್ರ. ಅದನ್ನೂ ಹೊನ್ನಮ್ಮ ತಿಕ್ಕಿ ತೊಳೆದು ಬೋರಲು ಹಾಕಿದಳು.