ಇಬ್ಬರು ರಾಜರನ್ನು ಕವುಚಿ ಹಾಕಿದವನು

"ಬುದ್ಧಿ, ಗೆಲ್ಲೋ ಕೈ ಇದ್ದೂ ಹಿಂದೆ ಸರಿದರೆ ಅದು ಹೇಡಿತನ ಅಲ್ಲವಾ?" ಎಂದು ಪರ್ವತಯ್ಯ ಗುರುಗಳನ್ನು ಕೇಳಿದ.

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಮಠದ ಪಾಠಶಾಲೆಯಲ್ಲಿ ಆ ವರ್ಷ ಓದು ಮುಗಿಸಿದವರು ಇಬ್ಬರು, ಪರ್ವತಯ್ಯ ಮತ್ತು ರಾಚಯ್ಯ. ಇಬ್ಬರಿಗೂ ಒಂದೊಂದು ಊರಿನ ಶಾಲೆ ವಹಿಸಿಕೊಟ್ಟು, ಮಕ್ಕಳಿಗೆ ಕಲಿಸಲು ಕಳಿಸುವುದೆಂದು ಗುರುಗಳು ಹೇಳಿಯಾಗಿತ್ತು. ಅಷ್ಟರಲ್ಲಿ ರಾಚಯ್ಯ ಊಟದ ಪಂಕ್ತಿಯಲ್ಲಿ ಎಲ್ಲರೆದುರು ಒಂದು ಸವಾಲು ಹಾಕಿಬಿಟ್ಟ. ಹುಣ್ಣಿಮೆಯ ಸಭೆಯಲ್ಲಿ ಇಬ್ಬರೂ ವಾದ ಮಾಡೋಣ, ಸೋತವನು ಕಲಿಸುವ ಹಕ್ಕು ಬಿಟ್ಟು ಮನೆಗೆ ಹೋಗಲಿ ಎಂದ. ಓದಿನಲ್ಲಿ ಪರ್ವತಯ್ಯ ಒಂದು ಕೈ ಮೇಲು. ಅದು ಅವನಿಗೂ ಗೊತ್ತಿತ್ತು, ಮಠಕ್ಕೂ ಗೊತ್ತಿತ್ತು. ಸವಾಲು ಒಪ್ಪದಿದ್ದರೂ ಅವನ ಶಾಲೆ ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೂ ಸವಾಲು ಕೇಳಿದಾಗಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಗುರುಗಳು ನಕ್ಕರು. "ಹೇಡಿ ಅಂದ ಕೂಡಲೇ ಗಂಡಸರಿಗೆ ಕೈ ಮೀಸೆಯ ಮೇಲೆ ಹೋಗುತ್ತದೆ. ನಿನಗಿನ್ನೂ ಮೀಸೆ ಸರಿಯಾಗಿ ಬಂದಿಲ್ಲ, ಕೂತುಕೋ. ಒಂದು ಕತೆ ಹೇಳುತ್ತೇನೆ. ಇಸ್ಪೀಟಿನ ಕತೆ. ಮಠದಲ್ಲಿ ಇಸ್ಪೀಟೇ ಎಂದು ಹುಬ್ಬು ಹಾರಿಸಬೇಡ. ಎಲೆ ಮುಟ್ಟುವುದು ತಪ್ಪು, ಎಲೆಯ ಕತೆ ಕೇಳುವುದು ತಪ್ಪಲ್ಲ" ಎಂದು ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನ ಹರಿಗೋಲಿನಲ್ಲಿ ಒಂದು ಸಲಕ್ಕೆ ಒಬ್ಬ ವ್ಯಾಪಾರಿ, ಅವನ ಸರಕು, ಅಷ್ಟೇ. ಹೊಳೆ ಏರುವ ಕಾಲ ಬಂದರೆ ದಾಟುವವರೆಲ್ಲ ನಾನು ಮುಂದು ತಾನು ಮುಂದು ಎಂದು ಕಿತ್ತಾಡುತ್ತಿದ್ದರು. ಒಮ್ಮೆ ನೂಕುನುಗ್ಗಲಿನಲ್ಲಿ ಹರಿಗೋಲು ದಡದಲ್ಲೇ ಮಗುಚಿತು. ಅಂದಿನಿಂದ ಅಂಬಿಗ ಒಂದು ಕಟ್ಟಳೆ ಮಾಡಿದ. ಕಾದಿರುವವರಿಗೆಲ್ಲ ಹುಣಸೆ ಬೀಜಗಳನ್ನು ಸಮನಾಗಿ ಹಂಚುವುದು. ಕಟ್ಟೆಯ ಮೇಲೆ ಕೂತು ಎಲ್ಲರೂ ಎಲೆ ಆಡುವುದು. ಬೀಜ ಮುಗಿದವನು ಎದ್ದು ಹೋಗುವುದು. ಕೊನೆಯವರೆಗೂ ಕೂತವನಿಗೆ ಮೊದಲ ಹರಿಗೋಲು, ಅವನೊಡನೆ ಕೊನೆಗೆ ಉಳಿದು ಸೋತವನಿಗೆ ಎರಡನೆಯದು, ಹೀಗೆ ಸರದಿ. ಬೀಜ ಸಾಲ ಕೊಡುವಂತಿಲ್ಲ, ಸರದಿ ಮಾರುವಂತಿಲ್ಲ. ಸಾಹುಕಾರನಿಗೂ ಅದೇ, ಸಂತೆಗೆ ಸೊಪ್ಪು ಹೊತ್ತವನಿಗೂ ಅದೇ. ಜಗಳಕ್ಕಿಂತ ಜೂಜು ವಾಸಿ ಎಂಬುದು ಅಂಬಿಗನ ನ್ಯಾಯ. ಆ ನ್ಯಾಯಕ್ಕೆ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ಏನು ಮಾಡುವುದು, ಹರಿಗೋಲು ಅವನದು.

ಆಟ ಸುಲಭ. ಪ್ರತಿ ಸುತ್ತಿಗೂ ಎಲ್ಲರೂ ಒಂದೊಂದು ಬೀಜ ನಡುವೆ ಇಡಬೇಕು. ಒಬ್ಬೊಬ್ಬರಿಗೆ ಮೂರು ಎಲೆ. ತನ್ನ ಎಲೆ ದೊಡ್ಡದು ಎನ್ನುವವನು ಇನ್ನಷ್ಟು ಬೀಜ ಮುಂದಿಡುತ್ತಾನೆ. ಉಳಿದವರು ತಾವೂ ಅಷ್ಟು ಇಡಬೇಕು, ಇಲ್ಲವೇ ಅದಕ್ಕಿಂತ ಏರಿಸಬೇಕು. ಎರಡೂ ಬೇಡವಾದರೆ ಎಲೆ ಕವುಚಿ ಹಾಕಬೇಕು. ಕವುಚಿ ಹಾಕಿದವನಿಗೆ ಇಟ್ಟ ಬೀಜ ಹೋಗುತ್ತದೆ, ಕೂತ ಜಾಗ ಉಳಿಯುತ್ತದೆ.

ಒಂದು ದಿನ ಬೆಳಗ್ಗೆ ದಡದಲ್ಲಿ ಏಳೆಂಟು ಜನ ಕಾದಿದ್ದರು. ಅಂಬಿಗ ನೀರಿನ ಬಣ್ಣ ನೋಡಿದ. "ಇವತ್ತು ಎರಡೇ ಸಲ. ಆಮೇಲೆ ನೀರು ಇಳಿಯೋ ತನಕ ನಾನು ಹುಟ್ಟು ಮುಟ್ಟೋದಿಲ್ಲ" ಎಂದ. ನೀರು ಇಳಿಯುವುದೆಂದರೆ ವಾರವೂ ಆಗಬಹುದಿತ್ತು.

ಕಾದವರಲ್ಲಿ ಒಬ್ಬ ರೇಷ್ಮೆ ಗೂಡಿನವನು. ತನ್ನ ಮನೆಯದು ಮಾತ್ರವಲ್ಲ, ತನ್ನ ಬೀದಿಯವರೆಲ್ಲ ಬೆಳೆದ ಗೂಡನ್ನು ಮಂಕರಿಗಳಲ್ಲಿ ತುಂಬಿ ತಂದಿದ್ದ. ಗೂಡಿನ ಸಂತೆ ಇದ್ದದ್ದು ಆಚೆ ದಡದಲ್ಲಿ. ಗೂಡಿನ ವಿಷಯ ನಿನಗೆ ಗೊತ್ತಲ್ಲ. ಹೊತ್ತಿಗೆ ಸರಿಯಾಗಿ ಬಿಸಿನೀರಿಗೆ ಬಿದ್ದರೆ ನೂಲು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಿ ಬರುವುದಿಲ್ಲ. ನಮಗೆ ಚಿಟ್ಟೆ ಚೆಂದ. ಅವರಿಗೆ ಅದು ಬೀದಿಗೆ ಬೀದಿಯೇ ನಿದ್ದೆಗೆಟ್ಟು ಸೊಪ್ಪು ಹಾಕಿದ್ದು ಹಾರಿಹೋದಂತೆ.

ಇನ್ನೊಬ್ಬ ಉಪ್ಪಿನ ವ್ಯಾಪಾರಿ. ಅವನಿಗೆ ಅವಸರವೇನೂ ಇರಲಿಲ್ಲ, ಉಪ್ಪು ಕೊಳೆಯುತ್ತದೆಯೇ? ಆದರೆ ಮೊದಲ ಹರಿಗೋಲಿನಲ್ಲಿ ಕೂತು ಹೋಗುವ ಗತ್ತು ಅವನಿಗೆ ಇಷ್ಟ. ಎಲೆಯಾಟದಲ್ಲಿ ಅವನನ್ನು ಮೀರಿಸಿದವರು ಆ ದಡದಲ್ಲಿ ಇರಲಿಲ್ಲ. ಎದುರಿನವನ ಎಲೆಗಿಂತ ಎದುರಿನವನ ಭಯವನ್ನು ಅವನು ಚೆನ್ನಾಗಿ ಓದುತ್ತಿದ್ದ.

ಆಟ ಶುರುವಾಯಿತು. ಒಬ್ಬೊಬ್ಬರಾಗಿ ಬೀಜ ಕಳೆದುಕೊಂಡು ಎದ್ದರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮೂವರು ಉಳಿದರು. ಉಪ್ಪಿನ ವ್ಯಾಪಾರಿಯ ಮುಂದೆ ಬೀಜದ ರಾಶಿ. ಗೂಡಿನವನ ಮುಂದೆ ಅದರ ಅರ್ಧದಷ್ಟು. ಮೂರನೆಯವನು ಒಬ್ಬ ಕುಂಬಾರ. ಅವನ ಮುಂದೆ ಉಳಿದಿದ್ದದ್ದು ನಾಲ್ಕು ಬೀಜ. ಹರಿಗೋಲು ಎರಡು, ಕೂತವರು ಮೂವರು. ಇನ್ನೊಬ್ಬ ಏಳಬೇಕಿತ್ತು, ಅಷ್ಟೇ.

ಆ ಸುತ್ತಿನಲ್ಲಿ ಗೂಡಿನವನಿಗೆ ಇಬ್ಬರು ರಾಜರು ಬಂದರು. ಆ ಆಟದಲ್ಲಿ ಅದು ಹತ್ತು ಸಲಕ್ಕೆ ಏಳೆಂಟು ಸಲ ಗೆಲ್ಲುವ ಕೈ. ಅವನು ಒಂದು ಹಿಡಿ ಬೀಜ ಮುಂದಿಟ್ಟ. ಕುಂಬಾರ ಎಲೆ ಕವುಚಿ ಹಾಕಿದ. ಉಪ್ಪಿನ ವ್ಯಾಪಾರಿ ತನ್ನ ಎಲೆಯನ್ನು ನೋಡಿದ, ಗೂಡಿನವನ ಮಂಕರಿಗಳನ್ನು ನೋಡಿದ, ಆಮೇಲೆ ಎರಡೂ ಕೈಯಿಂದ ಇಡೀ ರಾಶಿಯನ್ನು ನಡುವೆ ತಳ್ಳಿದ. ಈಗ ಗೂಡಿನವನು ಆಡಬೇಕಾದರೆ ತನ್ನದೆಲ್ಲವನ್ನೂ ಇಡಬೇಕು.

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಸುತ್ತ ನಿಂತವರೆಲ್ಲ ಉಪ್ಪಿನ ವ್ಯಾಪಾರಿಯ ಮುಖವನ್ನೇ ನೋಡುತ್ತಿದ್ದರು. ಸುಳ್ಳೋ ನಿಜವೋ, ಹೆದರಿಸುತ್ತಿದ್ದಾನೋ ಏನೋ. ಗೂಡಿನವನೂ ಮೊದಲು ಅದನ್ನೇ ನೋಡಿದ. ಸುಳ್ಳು ಇರಬಹುದು ಎಂದು ಅವನ ಮನಸ್ಸು ಹೇಳಿತು. ಆಮೇಲೆ ಅವನು ಆ ಮುಖ ಬಿಟ್ಟು ಕುಂಬಾರನ ಮುಂದಿದ್ದ ಬೀಜ ನೋಡಿದ. ಮಂಕರಿಯಿಂದ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲುಗಿಸಿದ. ಒಳಗಿನ ಸದ್ದು ಕೇಳಿ ಇನ್ನೆಷ್ಟು ಹೊತ್ತಿದೆ ಎಂದು ತಿಳಿಯುವುದು ಗೂಡಿನವರ ರೂಢಿ. ಎಲೆ ಕೈಯಲ್ಲಿ ಹಿಡಿದು ಗೂಡು ಅಲುಗಿಸಿದವನು ಅವನೊಬ್ಬನೇ ಇರಬೇಕು. ನೋಡಿದವರಿಗೆ ನಗು ಬಂತು.

ಅವನು ಲೆಕ್ಕ ಹಾಕಿದ್ದು ಇಷ್ಟು. ಆಡಿ ಗೆದ್ದರೆ ಸಿಗುವುದು ಹರಿಗೋಲು. ಎಲೆ ಕವುಚಿದರೂ, ಕುಂಬಾರನ ಬೀಜ ಮುಗಿಯುತ್ತ ಬಂದಿದೆ, ಸಿಗುವುದು ಅದೇ ಹರಿಗೋಲು. ಆಡಿ ಸೋತರೆ ಮಾತ್ರ ತಾನು ಈಗಲೇ ಏಳಬೇಕು, ಬೀದಿಯವರ ಗೂಡೆಲ್ಲ ಈ ದಡದಲ್ಲೇ ಒಡೆಯಬೇಕು.

ಅವನು ಇಬ್ಬರು ರಾಜರನ್ನು ತೋರಿಸಿ, ಕವುಚಿ ಹಾಕಿದ.

"ಅಯ್ಯೋ! ಅಷ್ಟು ಬೀಜ ಮುಂದಿಟ್ಟಿದ್ದೀಯಲ್ಲೋ, ಅದನ್ನ ಹಂಗೇ ಬಿಟ್ಟುಕೊಡ್ತೀಯಾ?" ಎಂದು ಪಕ್ಕದಲ್ಲಿ ನಿಂತವನು ಬಾಯಿ ಬಡಿದುಕೊಂಡ.

"ಇಟ್ಟಿದ್ದು ಹೋಯ್ತು ಕಣಪ್ಪ. ಇನ್ನೂ ಇಡದೆ ಇರೋದು ಮಾತ್ರ ನಂದು" ಎಂದ ಗೂಡಿನವನು.

ಉಪ್ಪಿನ ವ್ಯಾಪಾರಿ ಸುಮ್ಮನಿರಲಿಲ್ಲ. ತನ್ನ ಎಲೆಗಳನ್ನು ತಿರುಗಿಸಿ ಎಲ್ಲರಿಗೂ ತೋರಿಸಿದ. ಎರಡು, ಐದು, ಒಂಬತ್ತು. ಬರೀ ಕಸ. ಕಟ್ಟೆಯ ಸುತ್ತ ನಗೆಯೋ ನಗೆ. ರಾಜರಿಬ್ಬರನ್ನು ಮನೆಯಲ್ಲಿಟ್ಟುಕೊಂಡು ಕಳ್ಳನಿಗೆ ಬಾಗಿಲು ತೆಗೆದ ಎಂದ ಒಬ್ಬ. ಹುಳು ಸಾಕುವವನಿಗೆ ಎದೆಯೂ ಹುಳದಷ್ಟೇ ಎಂದ ಇನ್ನೊಬ್ಬ. ಆಡಿಕೊಳ್ಳುವವರ ಬಾಯಿಗೆ ಬೀಗ ಉಂಟೇ?

ಗೂಡಿನವನ ಕಿವಿ ಕೆಂಪಾಯಿತು. ಅವನು ಸಂತನಲ್ಲ. ಅವಮಾನವಾಯಿತು, ಹೊಟ್ಟೆ ಉರಿಯಿತು. ಅದರ ಮೇಲೆ ಮುಂದಿನ ಸುತ್ತಿನಲ್ಲಿ ಕುಂಬಾರ ಉಳಿದಿದ್ದ ಬೀಜವನ್ನೆಲ್ಲ ಇಟ್ಟು, ಗೆದ್ದುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಆಗ ಗೂಡಿನವನಿಗೆ ನಿಜವಾಗಿ ಭಯವಾಯಿತು. ಎಂಥ ಕೆಲಸ ಮಾಡಿಬಿಟ್ಟೆ, ಎದುರಿಗಿದ್ದದ್ದು ಕಸ, ನನ್ನ ಕೈಯಲ್ಲಿದ್ದದ್ದು ರಾಜರು ಎಂದು ಮನಸ್ಸು ಚುಚ್ಚಿತು. ಕೋಪದಲ್ಲಿ ಒಂದು ಹಿಡಿ ಬೀಜಕ್ಕೆ ಕೈ ಹಾಕಿದ. ಹಾಕಿದ ಕೈಯನ್ನು ಹಿಂದಕ್ಕೆ ತೆಗೆದು ತೊಡೆಯ ಕೆಳಗಿಟ್ಟುಕೊಂಡು ಕೂತ. ಹೇಡಿತನ ಹೇಡಿತನ ಎನ್ನುತ್ತೀಯಲ್ಲ, ಆ ಕೈಯನ್ನು ಹಾಗೆ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ಕೂತು ನೋಡಿದವನಿಗೇ ಗೊತ್ತು.

ಕುಂಬಾರನಿಗೆ ಗೆದ್ದ ಹುರುಪು. ಸ್ವಲ್ಪ ಹೊತ್ತಿನಲ್ಲೇ ಒಂದು ಒಳ್ಳೆಯ ಎಲೆ ಬಂತೆಂದು ತನ್ನದೆಲ್ಲವನ್ನೂ ಮುಂದಿಟ್ಟ. ಉಪ್ಪಿನ ವ್ಯಾಪಾರಿಗೆ ಅದಕ್ಕಿಂತ ಒಳ್ಳೆಯದು ಬಂದಿತ್ತು. ಕುಂಬಾರ ಎದ್ದ. ಅವನಿಗೆ ಬೇಸರವಾಗಲಿಲ್ಲ. "ಮಡಕೆ ಏನು ಬಾಡಿ ಹೋಗ್ತವಾ? ನೀರು ಇಳಿದ ಮೇಲೆ ಹೋದರಾಯ್ತು" ಎಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಟವಲು ಹಾಸಿಕೊಂಡು ಮಲಗಿದ. ಬಹಳ ಬೇಗ ಗೊರಕೆಯೂ ಬಂತು.

ಈಗ ಉಳಿದವರು ಇಬ್ಬರು, ಹರಿಗೋಲೂ ಎರಡು. ಎಲೆ ಹಂಚಿದರು. ಗೂಡಿನವನು ತನ್ನ ಎಲೆಗಳನ್ನು ಮುಟ್ಟಲೂ ಇಲ್ಲ. ಇದ್ದ ಬೀಜವನ್ನೆಲ್ಲ ಒಂದೇ ಸಲಕ್ಕೆ ನಡುವೆ ತಳ್ಳಿದ.

ನಗುತ್ತಿದ್ದವರೆಲ್ಲ ಬಾಯಿ ಮುಚ್ಚಿದರು. ರಾಜರನ್ನು ಹಿಡಿದು ಓಡಿದವನು ಈಗ ಎಲ್ಲವನ್ನೂ ಇಟ್ಟಿದ್ದಾನೆ ಎಂದರೆ ಏನೋ ಇರಲೇಬೇಕು. ಉಪ್ಪಿನ ವ್ಯಾಪಾರಿಯ ಹಣೆಯಲ್ಲಿ ಬೆವರು ಬಂತು. ಅವನು ಗೂಡಿನವನ ಕಣ್ಣು ನೋಡಿದ, ತುಟಿ ನೋಡಿದ, ಕೈ ಬೆರಳು ನೋಡಿದ. ಅಲ್ಲಿ ಭಯದ ಸುಳಿವೇ ಇರಲಿಲ್ಲ. ಓದಲು ಏನೂ ಸಿಗದೆ ಅವನು ಕಂಗಾಲಾದ.

"ಅಣ್ಣಾ, ಎಲೆ ನಾನೇ ನೋಡಿಲ್ಲ, ನೀನು ನನ್ನ ಮುಖ ಏನು ನೋಡ್ತೀಯ? ಬೇಗ ಆಡು, ಅಂಬಿಗ ಕಾಯ್ತಾವ್ನೆ" ಎಂದ ಗೂಡಿನವನು.

ಉಪ್ಪಿನ ವ್ಯಾಪಾರಿ ಅಷ್ಟು ಬೀಜ ಇಟ್ಟ, ಎಲೆ ತಿರುಗಿಸಿದರು, ಅವನೇ ಗೆದ್ದ. ಜನ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಹರಿಗೋಲಿನಲ್ಲಿ ಕೂರಿಸಿದರು. ಮೀಸೆ ತೀಡಿಕೊಳ್ಳುತ್ತ ಅವನು ಸುಖವಾಗಿ ಆಚೆ ದಡ ಸೇರಿದ. ಅವನ ಸುಖಕ್ಕೆ ನಾನು ಕಲ್ಲು ಹಾಕುವುದಿಲ್ಲ, ಅವನಿಗೆ ಬೇಕಾದದ್ದು ಅವನಿಗೆ ಸಿಕ್ಕಿತು. ಎರಡನೆಯ ಸಲ ಗೂಡಿನವನು ಮಂಕರಿಗಳನ್ನು ಹೇರಿಕೊಂಡು ದಾಟಿದ. ಅಂದು ಸಂಜೆಗೆ ಗೂಡೆಲ್ಲ ನೂಲು ತೆಗೆಯುವವರ ಬಿಸಿನೀರಿನಲ್ಲಿತ್ತು. ಅವನು ಸಂತೆಯಲ್ಲಿ ಹೊಟ್ಟೆ ತುಂಬ ಮುದ್ದೆ ಉಂಡು, ತನ್ನ ಖಾಲಿ ಮಂಕರಿಗಳಿಗೆ ತಲೆಕೊಟ್ಟು ಮಲಗಿದ. ಅವನಿಗೂ ಆ ಕುಂಬಾರನಷ್ಟೇ ಒಳ್ಳೆಯ ನಿದ್ದೆ ಬಂತಂತೆ.

ಗುರುಗಳು ಕತೆ ನಿಲ್ಲಿಸಿದರು. ಪರ್ವತಯ್ಯನಿಗೆ ಸಮಾಧಾನವಾಗಿರಲಿಲ್ಲ. ಅವನ ಮನಸ್ಸು ಇನ್ನೂ ಆ ಎರಡು, ಐದು, ಒಂಬತ್ತರ ಹತ್ತಿರವೇ ನಿಂತಿತ್ತು.

"ಆದರೂ ಬುದ್ಧಿ, ಆಡಿದ್ದರೆ ಅವನೇ ಗೆಲ್ತಿದ್ದನಲ್ಲ! ಎದುರಿಗಿದ್ದದ್ದು ಬರೀ ಕಸ. ರಾಚಯ್ಯನ ಕೈಯಲ್ಲೂ ಏನೂ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಸುಮ್ಮನೆ ಹೆದರಿಸ್ತಾವ್ನೆ. ನನ್ನ ಎಲೆ ದೊಡ್ಡದು ಬುದ್ಧಿ" ಎಂದ.

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು.

"ನಿನ್ನ ಎಲೆ ಆಮೇಲೆ ನೋಡೋಣ, ಮೊದಲು ನಿನ್ನ ಹೊಳೆ ಯಾವುದು ಹೇಳು."